ಹೊಳೆಸಿರೂರಿನ ಬೆಸುಗೆ ಯಂತ್ರ

ನನ್ನನ್ನು ಮೊದಲ ಸಲ ನೋಡಿದವರು ಊಟದ ಡಬ್ಬಿ ಎಂದುಕೊಳ್ಳುತ್ತಾರೆ. ಅಷ್ಟೇ ಗಾತ್ರ, ಮೇಲೊಂದು ಹಿಡಿಕೆ, ತೆರೆದು ಮುಚ್ಚುವ ಮುಚ್ಚಳ. ಮುಚ್ಚಳ ತೆಗೆದರೆ ನನ್ನ ಗುಟ್ಟು ತಿಳಿಯುತ್ತದೆ. ಒಳಗೆ ಎದುರುಬದುರಾಗಿ ಎರಡು ಸೂಜಿಗಳಿವೆ. ಅವುಗಳ ನಡುವೆ ಒಂದು ಕ್ಷಣ ಕಿಡಿ ಹಾರುತ್ತದೆ. ಆ ಕಿಡಿಯಲ್ಲಿ ಕೂದಲಿನಷ್ಟು ಸಣ್ಣ ಗಾಜಿನ ಎರಡು ಎಳೆಗಳು ಕರಗಿ ಒಂದಾಗುತ್ತವೆ. ನೀವು ಇಂಟರ್‌ನೆಟ್ ಎನ್ನುತ್ತೀರಲ್ಲ, ಅದು ಇಂಥ ಎಳೆಗಳೊಳಗೆ ಬೆಳಕಾಗಿ ಊರೂರು ಸುತ್ತುತ್ತದೆ. ಎಳೆ ಕಡಿದರೆ ಬೆಳಕು ಅಲ್ಲೇ ಚೆಲ್ಲಿಹೋಗುತ್ತದೆ. ಕಡಿದದ್ದನ್ನು ಕೂಡಿಸುವ ಬೆಸುಗೆ ಯಂತ್ರ ನಾನು.

ನಾನು ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಬಿಳಿ ಗವುಸು ತೊಟ್ಟ ಹೆಂಗಸೊಬ್ಬಳು ನನ್ನ ಸೂಜಿಗಳನ್ನು ಜೋಡಿಸಿ, ಎರಡು ಎಳೆ ಇಟ್ಟು ಕಿಡಿ ಹಾರಿಸಿದಳು. ನನ್ನ ಪುಟ್ಟ ಪರದೆಯ ಮೇಲೆ ಆ ಎಳೆಗಳು ಒನಕೆಗಳಷ್ಟು ದಪ್ಪವಾಗಿ ಕಂಡವು. ಹತ್ತಿರ ಬಂದವು, ಮುಟ್ಟಿದವು, ಒಂದಾದವು. ಅವಳು ತಲೆಯಾಡಿಸಿ ನನ್ನನ್ನು ಪೆಟ್ಟಿಗೆಗೆ ಹಾಕಿದಳು. ಕೂಡಿಸಿದ್ದಾಯಿತು ಸರಿ, ಆ ಎಳೆಯೊಳಗೆ ಹೋಗುವುದೇನು ಎಂದು ಕೇಳಬೇಕೆನಿಸಿತು. ಅಷ್ಟರಲ್ಲಿ ಪೆಟ್ಟಿಗೆ ಮುಚ್ಚಿತು. ಅಂದು ಹತ್ತಿದ ಆ ಕುತೂಹಲ ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನನ್ನ ಮೊದಲ ಯಜಮಾನ ಒಂದು ದೊಡ್ಡ ಕಂಪನಿ. ಹೆದ್ದಾರಿಯ ಪಕ್ಕ ತೋಡಿದ ಗುಂಡಿಗಳಲ್ಲಿ ಕೂತು ಮೂರು ವರ್ಷ ಎಳೆ ಕೂಡಿಸಿದೆ. ನನ್ನನ್ನು ಹಿಡಿದ ಕೈಗಳು ತಿಂಗಳಿಗೊಮ್ಮೆ ಬದಲಾಗುತ್ತಿದ್ದವು. ಯಾರ ಹೆಸರೂ ನನಗೆ ತಿಳಿಯಲಿಲ್ಲ. ಬೆಸೆದ ಜಾಗಕ್ಕೆ ಕಾಪಿನ ಸಣ್ಣ ಕೊಳವೆ ತೊಡಿಸಿ, ಕರಿ ಪೆಟ್ಟಿಗೆಯಲ್ಲಿಟ್ಟು, ಮಣ್ಣು ಮುಚ್ಚಿ ಮುಂದಿನ ಗುಂಡಿಗೆ ಹೋಗುತ್ತಿದ್ದರು. ಒಂದು ದಿನ ಟ್ರಕ್ಕಿನಿಂದ ಬಿದ್ದು ನನ್ನ ಮೂಲೆ ಒಡೆಯಿತು. ಕಂಪನಿಗೆ ಒಡಕು ಮೂಲೆಯವನು ಬೇಡವಾದ. ಹುಬ್ಬಳ್ಳಿಯ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ, ಸುಟ್ಟ ಟಿ.ವಿ.ಗಳ ನಡುವೆ, ಕಪಾಟಿನ ಮೇಲೆ ಕೂತೆ.

ಅಲ್ಲಿಗೆ ಒಂದು ಮಧ್ಯಾಹ್ನ ಇಬ್ಬರು ಬಂದರು. ಒಬ್ಬಳು ಐವತ್ತರ ಆಸುಪಾಸಿನ ಹೆಂಗಸು, ಕೊರಳಿಗೆ ದಾರ ಕಟ್ಟಿದ ಕನ್ನಡಕ. ಇನ್ನೊಬ್ಬ ಅವಳಿಗಿಂತ ತುಸು ಹಿರಿಯ, ಕೃಶ, ಉದ್ದನೆಯ ಬೆರಳಿನವನು.

"ಮೂಲಿ ಒಡದೈತಲ್ಲೋ ದಾವಲಣ್ಣಾ ಇದರದು," ಎಂದಳು ಅವಳು.

ಅವನು ನನ್ನ ಮುಚ್ಚಳ ತೆರೆದು, ಜೇಬಿನಿಂದ ಎರಡು ತುಂಡು ಎಳೆ ತೆಗೆದು ಬೆಸೆದು ನೋಡಿದ. "ಒಡದ್ರ ಒಡೀಲಿ ಬಿಡ್ರಿ ಅಕ್ಕಾರ. ಕಿಡಿ ನೋಡ್ರಿ, ಹೊಸಾದು ಇದ್ದಂಗ ಐತಿ."

ಹೀಗೆ ನಾನು ಹೊಳೆಸಿರೂರಿಗೆ ಬಂದೆ. ಮಲಪ್ರಭೆಯ ದಂಡೆಯ ಮೇಲಿನ ನೇಕಾರರ ಸಣ್ಣ ಊರು ಅದು. ಆ ಹೆಂಗಸು ಇಂದುಮತಿ ರೋಣದ. ಊರೆಲ್ಲ ಇಂದಕ್ಕ ಎನ್ನುತ್ತಿತ್ತು. ಹದಿನೆಂಟು ವರ್ಷ ಟೈಪಿಂಗ್ ಕಲಿಸಿದವಳು. ಟೈಪಿಂಗಿಗೆ ಯಾರೂ ಬಾರದ ಕಾಲ ಬಂದಾಗ ಕಂಪ್ಯೂಟರ್ ಕಲಿತು ಅದನ್ನೇ ಕಲಿಸಿದಳು. ಆದರೆ ಊರಿಗೆ ನೆಟ್ಟಗೆ ಇಂಟರ್‌ನೆಟ್ ಇರಲಿಲ್ಲ. ದೊಡ್ಡ ಕಂಪನಿಗಳ ಲೈನು ಹೆದ್ದಾರಿಯುದ್ದಕ್ಕೂ ನೆಟ್ಟಗೆ ಹೋಗಿತ್ತು. ಹೊಳೆ ದಾಟಿ ಇತ್ತ ತಿರುಗಿರಲಿಲ್ಲ. ಕೇಳಿಕೊಂಡು ಹೋದ ಕಡೆಯೆಲ್ಲ "ಅಷ್ಟು ಸಣ್ಣ ಊರಿಗೆ ಯಾರು ಬರ್ತಾರೆ ಮೇಡಂ" ಎಂದರು. ಯಾರೂ ಬಾರದಿದ್ದರೆ ನಾವೇ ತರೋಣ ಎಂದು ಇಂದಕ್ಕ ಪರವಾನಗಿ ಪಡೆದು, ಹೆದ್ದಾರಿಯಿಂದ ಸೇತುವೆಯ ಮೇಲೆ ಕಬ್ಬಿಣದ ಕೊಳವೆಯೊಳಗೆ ಲೈನು ಎಳೆಸಿದಳು. ಹೆಸರು 'ಹೊಳಿದಂಡಿ ನೆಟ್' ಎಂದಿಟ್ಟಳು.

ಅವಳ ಜತೆಯವನು ದಾವಲಸಾಬ ನದಾಫ. ಅಪ್ಪ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಮಗ ಕೇಬಲ್ ಟಿ.ವಿ.ಯ ಕಾಲದಿಂದ ಕಂಬ ಹತ್ತುತ್ತ ಬಂದವನು. ಅವನ ಕೈಯಲ್ಲಿ ನಾನು ನೆಮ್ಮದಿಯಾಗಿದ್ದೆ. ಕೆಲಸಕ್ಕೆ ಮೊದಲು ನನ್ನ ಸೂಜಿಗಳನ್ನು ಉಫ್ ಎಂದು ಊದದೆ, ಮೆತ್ತನೆಯ ಬ್ರಷ್ಷಿನಿಂದ ಒರೆಸುತ್ತಿದ್ದ. ಎಳೆಯನ್ನು ಸ್ಪಿರಿಟ್ಟಿನಿಂದ ಉಜ್ಜಿ, ತುದಿಯನ್ನು ನೆಟ್ಟಗೆ ಕತ್ತರಿಸಿ, ಉಸಿರು ಬಿಗಿಹಿಡಿದು ನನ್ನೊಳಗೆ ಇಡುತ್ತಿದ್ದ. ಕೂಡಿದ ಮೇಲೆ "ಹೂಂ, ಹೋತು" ಎನ್ನುತ್ತಿದ್ದ. ಏನು ಹೋಯಿತು, ಎಲ್ಲಿಗೆ ಹೋಯಿತು? ಅವನೂ ಹೇಳುತ್ತಿರಲಿಲ್ಲ.

ನನಗೆ ತಿಳಿದದ್ದೆಲ್ಲ ಸುತ್ತಮುತ್ತ ಕೇಳಿದ್ದು. ಗ್ರಂಥಾಲಯಕ್ಕೆ ಇಂದಕ್ಕ ಪುಕ್ಕಟೆ ಲೈನು ಕೊಟ್ಟಿದ್ದಳು. ಶನಿವಾರ ಬೆಳಿಗ್ಗೆ ಅವಳೇ ಅಲ್ಲಿ ಕೂರುತ್ತಿದ್ದಳು, ಯಾರು ಏನು ಬೇಕಾದರೂ ಕೇಳಬಹುದಿತ್ತು. ಪಿಂಚಣಿಯ ಅಜ್ಜಂದಿರು ತಾವು ಬದುಕಿದ್ದೇವೆ ಎಂಬ ದಾಖಲೆ ಕೊಡಲು ಬರುತ್ತಿದ್ದರು. ಕುಪ್ಪಸದ ಖಣ ನೇಯುವ ಹೆಂಗಸರು ಬೇರೆ ಊರಿನ ಅಂಚುಗಳ ಚಿತ್ರ ತೆರೆಸಿ, "ಇದರ ಬಣ್ಣ ಚೊಲೋ ಇಲ್ಲ ಬಿಡ್ರಿ" ಎಂದು ತೀರ್ಪು ಕೊಡುತ್ತಿದ್ದರು. ಶಾಲೆಯ ಹುಡುಗಿಯರ ಖೋ-ಖೋ ಪಂದ್ಯ ನಡೆದರೆ ದಾವಲಸಾಬ ಬೇವಿನ ಮರಕ್ಕೆ ಕ್ಯಾಮೆರಾ ಕಟ್ಟಿ, ಗಡಿಯಲ್ಲಿದ್ದ ಸೈನಿಕ ಅಪ್ಪಂದಿರಿಗೆ ಕಾಣುವ ಹಾಗೆ ಮಾಡುತ್ತಿದ್ದ. ನಮ್ಮ ನೆಟ್ ಆಫೀಸಿನ ಮುಂದೆ ಒಂದು ಕರಿಹಲಗೆ ತೂಗುಹಾಕಿದ್ದರು. ಲೈನು ಕೆಟ್ಟ ದಿನ ಅದರ ಮೇಲೆ ಕಾರಣ ಬರೆಯುವುದು ಇಂದಕ್ಕನ ಪದ್ಧತಿ. 'ಪ್ಯಾಟಿ ಓಣಿ: ಮಂಗ್ಯಾ ಜೋತಾಡಿ ಹರಿದೈತಿ.' 'ಅಗಸಿ ಓಣಿ: ತಪ್ಪು ನಮ್ಮದೇ, ಸಂಜಿಕ ಸರಿ ಆಗತೈತಿ.' ಜನ ಅದನ್ನು ಓದಲೆಂದೇ ಅತ್ತ ಸುತ್ತಿ ಬರುತ್ತಿದ್ದರು.

ಒಂದು ಸಲ ಅಗಸಿ ಓಣಿಯ ನೇಕಾರ ಮುದಕಪ್ಪನ ಮನೆಗೆ ಲೈನು ಹಾಕಲು ಹೋದೆವು. ಅವನ ಹೆಂಡತಿ ಸಾವಂತ್ರವ್ವನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಅವಳ ಕಸುಬು ಎಳೆ ಕೂಡಿಸುವುದು. ಮಗ್ಗದ ಮೇಲೆ ಹಳೆಯ ಹಾಸು ಮುಗಿದಾಗ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಹಳೆಯವಕ್ಕೆ ಹೊಸೆದು ಸೇರಿಸಬೇಕು. ಸಾವಿರಾರು ಎಳೆ. ಊರಿನ ಅರ್ಧ ಮಗ್ಗಗಳಿಗೆ ಅವಳೇ ಬರಬೇಕಾಗಿತ್ತು. ದಾವಲಸಾಬ ಪಡಸಾಲೆಯಲ್ಲಿ ನನ್ನನ್ನು ಬಿಚ್ಚಿದೊಡನೆ ಅವಳು ಕೆಲಸ ಬಿಟ್ಟು ಬಂದು ಎದುರಿಗೇ ಕೂತಳು. ನನ್ನ ಪರದೆಯನ್ನೂ ಅವನ ಬೆರಳುಗಳನ್ನೂ ರೆಪ್ಪೆ ಬಡಿಯದೆ ನೋಡಿದಳು. ಅಷ್ಟು ಕುತೂಹಲದಿಂದ ನನ್ನೊಳಗೆ ಇಣುಕಿದವರು ಅದುವರೆಗೆ ಯಾರೂ ಇರಲಿಲ್ಲ. ಇವಳು ನನ್ನಂಥವಳೇ ಎನಿಸಿತು.

"ಯಾರ ಜೋಡಿ ಮಾತಾಡಾಕ ಬೇಕಾತು ಇದು?" ಎಂದು ದಾವಲಸಾಬ ಮುದಕಪ್ಪನನ್ನು ಕೇಳಿದ.

"ಈಕಿ ತಂಗಿ ಜೋಡಿ. ಲಗಮವ್ವ ಅಂತ. ಸೋಲಾಪುರಕ್ಕ ಕೊಟ್ಟೈತಿ. ಅಕೀಗೂ ಕಿವಿ ಕೇಳಂಗಿಲ್ಲ. ಸಣ್ಣವರಿದ್ದಾಗ ಇಬ್ರೂ ಕೂಡಿ ಒಂದು ಕೈಮಾತು ಮಾಡಿಕೊಂಡಾರ. ಅವರಿಬ್ಬರನ್ನ ಬಿಟ್ಟರ ಮತ್ಯಾರಿಗೂ ತಿಳಿಯಂಗಿಲ್ಲ. ಲಗ್ನ ಆಗಿ ಹನ್ನೆಲ್ಡು ವರ್ಷ ಆತು ನನಗ. ಅಡಗಿ, ಮಗ್ಗ, ಬ್ಯಾನಿ, ಇಷ್ಟು ತಿಳಿತೈತಿ. ಅವರಿಬ್ರೂ ಕೂತ್ರಂದ್ರ ಒಂದೂ ತಿಳಿಯಂಗಿಲ್ಲ."

ಅಕ್ಕತಂಗಿಯರಿಬ್ಬರಿಗೂ ಓದು ಬರುತ್ತಿರಲಿಲ್ಲ. ಕಾಗದ ಬರೆಯುವಂತಿಲ್ಲ, ಫೋನಿನಲ್ಲಿ ಮಾತಾಡುವಂತಿಲ್ಲ. ವರ್ಷಕ್ಕೊಮ್ಮೆ ಪಂಚಮಿಗೆ ಕೂಡಿದಾಗಲೇ ಅವರ ಭಾಷೆಗೆ ಜೀವ. ಮೊಬೈಲಿನ ಚಿತ್ರ ಆ ಊರಲ್ಲಿ ತುಂಡುತುಂಡಾಗಿ ಬರುತ್ತಿತ್ತು. ಮಾತಾದರೆ ಅರ್ಧ ಕೇಳಿದರೂ ಊಹಿಸಬಹುದು. ಕೈ ಅರ್ಧ ಕಂಡರೆ ಏನು ತಿಳಿಯುತ್ತದೆ?

ಎಳೆ ಕೂಡಿತು. ದಾವಲಸಾಬ ನನ್ನ ಮುಚ್ಚಳ ಮುಚ್ಚಿದ. ಆ ಕತ್ತಲೆಯಲ್ಲಿ ಕೂತು ಕಿವಿಗೊಟ್ಟೆ. ಒಂದು ಮಾತೂ ಕೇಳಲಿಲ್ಲ. ಬಳೆಗಳ ಸದ್ದು ಮಾತ್ರ, ಇಲ್ಲಿ ಒಂದಿಷ್ಟು, ದೂರದಲ್ಲಿ ಒಂದಿಷ್ಟು. ನಡುವೆ ಸಾವಂತ್ರವ್ವ ನಕ್ಕಳು. ಮುದಕಪ್ಪ ಮೂಗೆಳೆದುಕೊಂಡ. ದಾವಲಸಾಬ "ಹೂಂ, ಹೋತು" ಎನ್ನುವುದನ್ನೂ ಮರೆತ. ಏನು ನಡೆಯುತ್ತಿದೆ ಎಂದು ನೋಡಲು ನಾನು ಎಷ್ಟು ಹಂಬಲಿಸಿದೆನೋ!

ಮಾರನೆಯ ವರ್ಷ ಹೊಳೆ ತುಂಬಿ ಬಂತು. ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ಸೇತುವೆಯ ಮೇಲೆ ಮೊಳಕಾಲುದ್ದ ನೀರು ಹರಿದು ಬಸ್ಸುಗಳು ನಿಂತವು. ಎರಡನೆಯ ದಿನ ತೇಲಿಬಂದ ಮರದ ಬೊಡ್ಡೆಯೊಂದು ಸೇತುವೆಗೆ ಅಪ್ಪಳಿಸಿ, ಊರ ಕಡೆಯ ತುದಿಯಲ್ಲಿ ಕಬ್ಬಿಣದ ಕೊಳವೆಯನ್ನು ಸೀಳಿಹಾಕಿತು. ನಮ್ಮ ಲೈನು ಕಡಿಯಿತು. ಬೆಳಿಗ್ಗೆ ಇಂದಕ್ಕ, ದಾವಲಸಾಬ ಹೊಳೆಯ ದಂಡೆಗೆ ಬಂದು ನೋಡಿದರು. ನಾನು ದಾವಲಸಾಬನ ಹೆಗಲಿನಲ್ಲಿದ್ದೆ; ನನ್ನ ಮುಚ್ಚಳ ತೆರೆಯುವ ಮೊದಲು ನಡೆದದ್ದೆಲ್ಲ ಆಮೇಲೆ ಅವರು ಹೇಳಿಕೊಂಡಾಗ ಕೇಳಿದ್ದು.

"ನೀರು ಇಳೀಲಿ ಅಕ್ಕಾರ. ನಾಳೆ ಮಾಡೂಣು," ಎಂದ ಅವನು. ಇಂದಕ್ಕ ಒಪ್ಪಿದಳು. ಅವರು ಮರಳಿ ಹೊರಡುವಷ್ಟರಲ್ಲಿ ಮುದಕಪ್ಪ ಓಡಿಬಂದ, ಕೈಯಲ್ಲಿ ಫೋನು. ಹಿಂದೆ ಸಾವಂತ್ರವ್ವ.

"ಅಕ್ಕಾರ, ಲಗಮವ್ವನ್ನ ದವಾಖಾನಿಗೆ ಹಾಕ್ಯಾರಂತ. ಮುಂಜಾನಿಂದ ಹೊಟ್ಟಿಬ್ಯಾನಿ. ಕೈಲೆ ಏನೋ ಹೇಳೇ ಹೇಳಾಕತ್ತಾಳಂತ. ಯಾರಿಗೂ ತಿಳೀವಲ್ದು. ಡಾಕ್ಟರು ಈಕೀನ್ನ ತೋರಸ್ರಿ ಅಂತಾರ."

ಇಂದಕ್ಕ ಫೋನು ಇಸಿದುಕೊಂಡಳು. ಪರದೆಯಲ್ಲಿ ಬೂದು ಚೌಕಗಳು ಅಲುಗುತ್ತಿದ್ದವು. ಕೈ ಇರಬೇಕಾದ ಕಡೆ ಕೈ ಇರಲಿಲ್ಲ. ದನಿ ಮಾತ್ರ ಬಂತು, ಡಾಕ್ಟರದು: "ನೋಡ್ರಿ, ಹೊಟ್ಟಿನೋವು ಅಂತ ಬಂದಾರ. ಆದ್ರ ಕಣ್ಣಿನ ರೆಪ್ಪಿ ಇಳಿಯಾಕತ್ತಾವ. ನನಗ ಬ್ಯಾರೆ ಏನೋ ಅನುಮಾನ ಐತಿ. ಮನಿಯವರು ಏನೂ ಆಗಿಲ್ಲ ಅಂತಾರ. ಆಕಿ ಏನ್ ಹೇಳಾಕತ್ತಾಳ ಅನ್ನೂದು ಗೊತ್ತಾಗಬೇಕು ನನಗ. ಲಗೂ ಮಾಡ್ರಿ, ಆಕಿ ಕೈ ಎತ್ತೂದೂ ಕಡಿಮಿ ಆಗೇತಿ."

ದನಿಯೂ ಕಡಿಯಿತು. ಸೇತುವೆ ಬಂದ್. ಹೊಲಗಳ ನಡುವಿನ ಸುತ್ತುದಾರಿಯಲ್ಲಿ ಹೋದರೆ ಒಳ್ಳೆಯ ಸಿಗ್ನಲ್ ಸಿಗುವ ಊರಿಗೆ ಎರಡು ತಾಸು.

ಇಂದಕ್ಕ ಸೀಳಿದ ಕೊಳವೆಯ ಕಡೆ ನೋಡಿದಳು. "ದಾವಲಣ್ಣಾ, ಆಚೆ ದಂಡಿಯಿಂದ ಬೆಳಕು ಬರಾಕತ್ತೈತಿ ಹೌದಿಲ್ಲೋ? ಕಡದ ತುದಿ ಮಟಾ?"

"ಬರತಿರತೈತಿ."

"ಹಂಗಾದ್ರ ಊರಿಗೆ ಯಾಕ ಒಯ್ಯಬೇಕು? ಅದ ತುದಿಗೆ ಒಂದು ತುಂಡು ವೈರ್ ಬೆಸಿ. ಇಲ್ಲೇ ದಂಡಿ ಮ್ಯಾಲ ಗಾಡ್ಯಾಗಿನ ವೈಫೈ ಡಬ್ಬಿ ಹಚ್ಚೂಣು. ಫೋನಿಗೆ ಇಲ್ಲೇ ಬರತೈತಿ."

ದಾವಲಸಾಬ ದಂಡೆಯ ಮೇಲೆ ನಿಲ್ಲಿಸಿದ್ದ ತನ್ನ ಮೂರು ಗಾಲಿಯ ಟಂಟಂ ಗಾಡಿಯಿಂದ ಹಗ್ಗ ತಂದ. ಆಮೇಲೆ ಚಪ್ಪಲಿ ಬಿಟ್ಟ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ಮುದಕಪ್ಪ ದಂಡೆಯ ಮೇಲಿನ ಬೇವಿನ ಬೊಡ್ಡೆಗೆ ಸುತ್ತಿ ಹಿಡಿದ. ದಾವಲಸಾಬ ಊರ ಕಡೆಯ ತುದಿಯಲ್ಲಿ, ನೀರು ಏರದ ಸೇತುವೆಯ ಅಂಚಿನಲ್ಲಿ, ಬೋರಲು ಮಲಗಿ ತೆವಳಿ, ಕೆಳಗೆ ಜೋತಾಡುತ್ತಿದ್ದ ಕೇಬಲ್ಲನ್ನು ಹಿಡಿದೆಳೆದ. ಕೇಬಲ್ ಬಂತು. ಅವನ ಬಲಗೈಯೂ ಸೀಳಿದ ಕಬ್ಬಿಣದ ಮೇಲೆ ಹಾಯ್ದು ಬಂತು. ದಂಡೆಗೆ ಬಂದಾಗ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಇಂದಕ್ಕ ತನ್ನ ಸೆರಗಿನ ಅಂಚು ಹರಿದು ಬಿಗಿದು ಕಟ್ಟಿದಳು. ಎರಡು ಬೆರಳು ಮಡಚುತ್ತಲೇ ಇರಲಿಲ್ಲ.

ನನ್ನನ್ನು ಒಂದು ಕಲ್ಲಿನ ಮೇಲೆ ಇಟ್ಟು ಮುಚ್ಚಳ ತೆರೆದರು. ಜಿಟಿಜಿಟಿ ಹನಿಗೆ ಮುದಕಪ್ಪ ಕೊಡೆ ಹಿಡಿದ. ಇಂದಕ್ಕ ಎಳೆ ಬಿಡಿಸಲು ಕೂತಳು. ಟೈಪಿಂಗಿನಲ್ಲಿ ಎಂದೂ ತಪ್ಪದ ಬೆರಳುಗಳಿಗೆ ಈ ಎಳೆ ಹೊಸದು. ಕನ್ನಡಕದ ಮೇಲೆ ನೀರು. ಎಳೆ ಮುರಿಯಿತು. ಮತ್ತೊಂದು ಸಲ ಮುರಿಯಿತು.

ಆಗ ಒಂದು ಕೈ ಬಂದು ಅವಳ ಮಣಿಕಟ್ಟನ್ನು ಮೆಲ್ಲಗೆ ಸರಿಸಿತು. ಸಾವಂತ್ರವ್ವ ನನ್ನ ಎದುರು ಕುಕ್ಕರಗಾಲಲ್ಲಿ ಕೂತಳು. ದಾವಲಸಾಬನ ಕಡೆ ತಿರುಗಿ, ಬೆರಳ ತುದಿ ಉಜ್ಜಿ ತೋರಿಸಿದಳು. ಸ್ಪಿರಿಟ್ಟು. ಅವನು ಎಡಗೈಯಿಂದ ಕೊಟ್ಟ. ಎರಡು ಬೆರಳಲ್ಲಿ ಕತ್ತರಿಸುವ ಸನ್ನೆ ಮಾಡಿದಳು. ಕತ್ತರಿಸುವ ಸಾಧನ ಕೊಟ್ಟ. ತನ್ನ ಮನೆಯ ಪಡಸಾಲೆಯಲ್ಲಿ ಒಮ್ಮೆ ನೋಡಿದ್ದು ಅವಳಿಗೆ ಒಂದೊಂದೂ ನೆನಪಿತ್ತು. ಎಷ್ಟು ಉದ್ದ ಎಂದು ದಾವಲಸಾಬ ಉಗುರಿನಿಂದ ತೋರಿಸಿದ. ಅವಳು ಎಳೆಯನ್ನು ಹಿಡಿದ ರೀತಿಯೇ ಬೇರೆ. ದಾವಲಸಾಬ ಗಾಜು ಎಂದು ಹೆದರಿ ಹಿಡಿಯುತ್ತಿದ್ದ. ಅವಳು ನೂಲಿನಂತೆ ಹಿಡಿದಳು.

ಮೊದಲನೆಯದು ಕೂಡಲಿಲ್ಲ. ತುದಿ ಓರೆಯಾಗಿದೆ ಎಂದು ನಾನು ಪರದೆಯ ಮೇಲೆ ಕೆಂಪಗೆ ತೋರಿಸಿದೆ. ಅವಳು ನನ್ನ ಚಿತ್ರವನ್ನು ದಿಟ್ಟಿಸಿ, ಅರ್ಥವಾದಂತೆ ತಲೆಯಾಡಿಸಿ, ಮತ್ತೆ ಕತ್ತರಿಸಿದಳು. ಎರಡನೆಯ ಸಲ ಎಳೆಗಳು ನನ್ನೊಳಗೆ ಎದುರುಬದುರು ಬಂದು ನಿಂತವು. ನನ್ನಲ್ಲಿದ್ದ ಶಕ್ತಿಯೆಲ್ಲ ಒಟ್ಟುಗೂಡಿಸಿ ಕಿಡಿ ಹಾರಿಸಿದೆ.

ಕೂಡಿತು. ದಾವಲಸಾಬನ ಟಂಟಂ ಗಾಡಿಯ ಬ್ಯಾಟರಿಗೆ ಡಬ್ಬಿ ಹಚ್ಚಿದರು. ಹಸಿರು ದೀಪ ಹತ್ತಿತು. ಯಾರೂ ನನ್ನ ಮುಚ್ಚಳ ಮುಚ್ಚಲಿಲ್ಲ. ಅಂಥ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ? ಹಾಗಾಗಿ ನಾನು ನೋಡಿದೆ.

ಮುದಕಪ್ಪ ಹಿಡಿದ ಫೋನಿನಲ್ಲಿ ಒಂದು ಮಂಚ, ಅದರ ಮೇಲೆ ಸಾವಂತ್ರವ್ವನದೇ ಮುಖ, ತುಸು ಎಳೆಯದು. ರೆಪ್ಪೆಗಳು ಅರ್ಧ ಮುಚ್ಚಿದ್ದವು. ಅಕ್ಕನನ್ನು ಕಂಡದ್ದೇ ಲಗಮವ್ವ ಕೈ ಎತ್ತಿದಳು, ಬಹಳ ಭಾರ ಎತ್ತುವಂತೆ. ಎಡಗೈ ಬೆರಳು ಮುಟ್ಟಿಕೊಂಡಳು. ಆಮೇಲೆ ಬಲಗೈಯ ಎರಡು ಬೆರಳು ಸುತ್ತಿ ಸುತ್ತಿ, ನೂಲು ಸುರುಳಿಯಿಂದ ಜಾರಿ ಬೀಳುವಂತೆ ಕೆಳಗಿಳಿಸಿದಳು.

"ಇದನ್ನ ಮಾಡಾಕತ್ತಾಳ್ರೀ ಮುಂಜಾನಿಂದ," ಎಂದಳು ಪಕ್ಕದಲ್ಲಿದ್ದ ಅವಳ ಅತ್ತೆ. "ನೂಲು ನೂಲು ಅಂತಾಳ. ಮಗ್ಗದ ಕೆಲಸ ಉಳದೈತಿ ಅಂತ ಚಿಂತಿ ಮಾಡತಾಳ ಅಂದಕೊಂಡ್ವಿ."

ಸಾವಂತ್ರವ್ವ ಚೀರಿದಳು. ಮಾತಿಲ್ಲದ ಗಂಟಲಿನಿಂದ ಬಂದ ಆ ಸದ್ದು ಹೊಳೆಯ ಸದ್ದನ್ನೂ ಮೀರಿತು. ಗಂಡನ ತೋಳು ಹಿಡಿದು ಜಗ್ಗಿ, ತನ್ನ ಅಂಗೈಯನ್ನು ಎಲ್ಲರಿಗೂ ತಿಳಿಯುವ ಹಾಗೆ ಹೆಡೆಯಂತೆ ಎತ್ತಿ, ಬೆರಳನ್ನು ಕಚ್ಚಿದಂತೆ ಮಾಡಿ ತೋರಿಸಿದಳು. ಮತ್ತೆ ನೂಲಿನ ಸನ್ನೆ, ಮತ್ತೆ ಹೆಡೆ.

"ಹಾವು!" ಎಂದು ಮುದಕಪ್ಪ ಕೂಗಿದ. "ಡಾಕ್ಟರ್ ಸಾಹೇಬ್ರ, ಹಾವು! ಸಣ್ಣವರಿದ್ದಾಗ ಇವರಿಬ್ಬರ ಮನ್ಯಾಗ ನೂಲಿನ ಬುಟ್ಟ್ಯಾಗ ಹಾವು ಬಂದಿತ್ತಂತ, ಇವರವ್ವ ಹೇಳತಿದ್ಳು. ಅದಕ್ಕ ಹಾವಿಗೆ ಹಿಂಗ ಸನ್ನಿ ಮಾಡತಾರ ಕಾಣತೈತಿ ಇವ್ರು. ನೂಲಲ್ರೀ ಅದು, ಹಾವು! ಬೆರಳಿಗೆ ಕಡದೈತಿ!"

ಡಾಕ್ಟರರ ಮುಖ ಪರದೆಯಲ್ಲಿ ಬಂತು. "ನನ್ನ ಅನುಮಾನ ಅದ ಇತ್ತು. ಗುರ್ತು ಕಾಣದಂಗ ಕಡೀತಾವ ಕೆಲವು. ಹೊಟ್ಟಿನೋವ ಮೊದಲ ಬರತೈತಿ. ಫೋನ್ ಇಡಬ್ಯಾಡ್ರಿ, ಆಕಿ ಅಕ್ಕನ್ನ ನೋಡ್ಕೋತ ಇರಲಿ." ಆ ಕಡೆ ಓಡಾಟ ಶುರುವಾಯಿತು.

ಅವರು ಫೋನು ಇಡಲಿಲ್ಲ. ಒಂದು ತಾಸು ಮೀರಿ ಸಾವಂತ್ರವ್ವ ಆ ಕಲ್ಲುಗಳ ಮೇಲೆ ಕೂತು ತಂಗಿಯ ಜತೆ ಕೈಯಾಡಿಸಿದಳು. ತಂಗಿಯ ಕೈ ಏಳದಂತಾಯಿತು. ಆಮೇಲೆ ಕಣ್ಣು ಮುಚ್ಚಿತು. ಉಸಿರಾಟಕ್ಕೆ ಯಂತ್ರ ಹಾಕಿದರು. ನೋಡುವವರಿಲ್ಲದಿದ್ದರೂ ಅಕ್ಕ ಕೈಯಾಡಿಸುತ್ತಲೇ ಇದ್ದಳು. ನಾನು ಇಷ್ಟು ವರ್ಷ ಕೂಡಿಸಿದ ಎಳೆಗಳಲ್ಲಿ ಏನೇನು ಹರಿದಿರಬಹುದು ಎಂದು ಆ ದಿನ ಮೊದಲ ಸಲ ತುಸುವಾದರೂ ಅಂದಾಜಾಯಿತು. ಹೆದ್ದಾರಿಯ ಆ ಗುಂಡಿಗಳಲ್ಲಿ ಹೆಸರಿಲ್ಲದ ಕೈಗಳು ಬೆಸೆದದ್ದರಲ್ಲಿ ಒಂದು ಎಳೆ ಆ ದಿನವೂ ಕೆಲಸ ಮಾಡಿತ್ತೋ ಏನೋ.

ನಾಲ್ಕನೆಯ ದಿನ ಲಗಮವ್ವ ಕಣ್ಣು ಬಿಟ್ಟಳು. ಆಫೀಸಿನಲ್ಲಿ ಇಂದಕ್ಕ ಎಲ್ಲರಿಗೂ ಚುರುಮುರಿ ಹಂಚಿದಳು. ದಿನ ಕಳೆದು ದಾವಲಸಾಬನ ಅಂಗೈಯ ಗಾಯ ಕೂಡಿತು, ಆದರೆ ಎರಡು ಬೆರಳು ಮೊದಲಿನಂತೆ ಮಡಚಲಿಲ್ಲ. ಅವನು ನನ್ನನ್ನು ಎತ್ತಿಕೊಂಡು ಅಗಸಿ ಓಣಿಗೆ ನಡೆದು, ಸಾವಂತ್ರವ್ವನ ಮಡಿಲಲ್ಲಿಟ್ಟ.

"ಹೇಳಪಾ ಮುದಕಪ್ಪ ನಿನ್ನ ಹೇಣತಿಗೆ. ಕಂಬ ನಾ ಹತ್ತತೀನಿ. ಎಳಿ ಆಕಿ ಕೂಡಸಲಿ. ಅಕ್ಕಾರು ಪಗಾರ ಬರೆದ ಕೊಡತಾರ."

ಮುದಕಪ್ಪ ಹೇಳುವ ಮೊದಲೇ ಅವಳು ನನ್ನ ಮುಚ್ಚಳ ತೆರೆದಾಗಿತ್ತು.

ಆ ಮೇಲಿನ ಆರು ವರ್ಷ ನನ್ನ ಒಳ್ಳೆಯ ಕಾಲ. ಸಾವಂತ್ರವ್ವ ನನ್ನ ಪರದೆ ಬಿಟ್ಟು ಬೇರೆ ಏನನ್ನೂ ಗಮನಿಸಬೇಕಾಗಿರಲಿಲ್ಲ. ಸಂತೆಯ ಗದ್ದಲದ ನಡುವೆಯೂ ನಾವಿಬ್ಬರೇ ಇದ್ದಂತೆ ಕೆಲಸ ನಡೆಯುತ್ತಿತ್ತು. ಕೂಡಿಸಿದ ಮೇಲೆ ಅವಳು ಥಟ್ಟನೆ ಎದ್ದು ಹೋಗುತ್ತಿರಲಿಲ್ಲ. ಮನೆಯವರು ಮೊದಲ ಸಲ ಫೋನು ಹಚ್ಚುವವರೆಗೆ, ಪರದೆಯಲ್ಲಿ ಯಾರು ಬರುತ್ತಾರೆಂದು ನೋಡುವವರೆಗೆ, ನನ್ನ ಮುಚ್ಚಳ ತೆರೆದಿಟ್ಟುಕೊಂಡು ಕಾಯುತ್ತಿದ್ದಳು. ಹಾಗಾಗಿ ನನಗೂ ಕಂಡವು. ಮೊಮ್ಮಗುವಿಗೆ ಬೊಚ್ಚು ಬಾಯಿ ತೆರೆದು ತೋರಿಸುವ ಅಜ್ಜಿ, ಪಾಠ ಕೇಳುತ್ತ ತೂಕಡಿಸುವ ಹುಡುಗಿ, ಯಾವುದೋ ದೇಶದ ಸಂಗೀತಕ್ಕೆ ತಲೆದೂಗುವ ದರ್ಜಿ.

ಆಮೇಲೆ ನನ್ನ ಬ್ಯಾಟರಿ ಸೋತಿತು. ಪರದೆಯಲ್ಲಿ ಅಡ್ಡಗೆರೆ ಬಿತ್ತು. ಸೂಜಿಗಳನ್ನು ಎರಡು ಸಲ ಬದಲಿಸಿದರು. ಮೂರನೆಯ ಸಲಕ್ಕೆ ಅಂಥ ಸೂಜಿಗಳನ್ನು ಮಾಡುವುದನ್ನೇ ಕಂಪನಿ ನಿಲ್ಲಿಸಿತ್ತು. ಇಂದಕ್ಕ ಹೊಸ ಯಂತ್ರ ತಂದಳು. ಗುಜರಿಯವನು ಬಂದು ನನ್ನನ್ನು ಕೇಳಿದಾಗ ಸಾವಂತ್ರವ್ವ ನನ್ನ ಮೇಲೆ ಕೈಯಿಟ್ಟು ಕೂತುಬಿಟ್ಟಳಂತೆ. ಈಗ ನಾನು ಗ್ರಂಥಾಲಯದ ಕಿಟಕಿ ಪಕ್ಕದ ಕಪಾಟಿನಲ್ಲಿದ್ದೇನೆ. ಶನಿವಾರ ಬಂದ ಮಕ್ಕಳು ನನ್ನ ಮುಚ್ಚಳ ತೆರೆದು "ಇದೇನ್ರೀ?" ಎಂದು ಕೇಳುತ್ತಾರೆ. ಕೇಳುವವರಿರುವ ತನಕ ನನಗೆ ಬೇಸರವಿಲ್ಲ.

ಈ ಪಂಚಮಿಗೆ ಲಗಮವ್ವ ಊರಿಗೆ ಬಂದಿದ್ದಳು. ಅಕ್ಕ ಅವಳನ್ನು ನನ್ನ ಹತ್ತಿರ ಕರೆತಂದು, ನನ್ನನ್ನು ಕಪಾಟಿನಿಂದ ಇಳಿಸಿ, ಮುಚ್ಚಳ ತೆರೆದು ಮೇಜಿನ ಮೇಲಿಟ್ಟಳು. ನನ್ನ ಬಗ್ಗೆ ಏನನ್ನೋ ಹೇಳತೊಡಗಿದಳು. ಹೇಳುತ್ತ ನಡುವೆ ತಡವರಿಸಿದಳು. ಅವರ ಭಾಷೆಯಲ್ಲಿ ನನಗೊಂದು ಪದ ಇರಲಿಲ್ಲ. ಆಮೇಲೆ ಎರಡು ತೋರುಬೆರಳುಗಳನ್ನು ಎದುರುಬದುರು ಹಿಡಿದು, ಮೆಲ್ಲಗೆ ಹತ್ತಿರ ತಂದು ತುದಿಗೆ ತುದಿ ಮುಟ್ಟಿಸಿದಳು. ಲಗಮವ್ವ ನೋಡಿದಳು. ಹಾಗೆಯೇ ಮಾಡಿ ತೋರಿಸಿದಳು. ಆಯಿತು, ಇಬ್ಬರೇ ಆಡುವ ಆ ಭಾಷೆಯಲ್ಲಿ ನನಗೊಂದು ಹೆಸರಾಯಿತು.

ಆಮೇಲೆ ಅವರು ಕಿಟಕಿಯ ಬೆಳಕಿನಲ್ಲಿ ಕೂತು ಬಹಳ ಹೊತ್ತು ಮಾತಾಡಿದರು. ಬಳೆಗಳ ಸದ್ದಿನ ನಡುವೆ ನನ್ನ ಹೆಸರು ಮೂರು ಸಲ ಬಂತು. ಮೂರನೆಯ ಸಲ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನನ್ನ ಬಗ್ಗೆ ಅಷ್ಟು ನಗುವಂಥದ್ದು ಏನು ಹೇಳಿಕೊಂಡರೋ! ಅಂದಿನಿಂದ ಅದನ್ನೇ ಯೋಚಿಸುತ್ತಿದ್ದೇನೆ.